ಕುರ್ಚಿಯ ಬಲಗೈ

"ಕಾಲು ಅಲ್ಲಾಡುತ್ತಲ್ಲ," ಎಂದಳು ಬಟ್ಟೆ ಅಂಗಡಿಯ ಯಜಮಾನಿ, ಮೇಜಿನ ಹಲಗೆಯನ್ನು ಅಂಗೈಯಿಂದ ಒತ್ತಿ ನೋಡಿ.

"ಅಲ್ಲಾಡೋದು ನೆಲ ತಾಯಿ, ಮೇಜಲ್ಲ," ಎಂದ ಅಪ್ಪ. ಹಾಗೆ ಹೇಳುತ್ತಲೇ ಕಿಟಕಿಯ ಕಡೆ ಕಣ್ಣು ಹಾಯಿಸಿದ. ಅಲ್ಲಿ ಮಗಳು ನಿಂತಿದ್ದಳು. ಆ ನೋಟದ ಅರ್ಥ ಅವಳಿಗೆ ಗೊತ್ತಿತ್ತು: ನಿನ್ನ ಸರದಿ ಬಂತು, ಬಾಯಿ ಬಿಡು.

ತಾತ ಕಟ್ಟಿಸಿದ ಚಿತ್ರಮಂದಿರ ಈಗ ಸಿಮೆಂಟು ಮೂಟೆಗಳ ಗೋದಾಮಾಗಿತ್ತು. ಮನೆಯ ಸಾಮಾನು ಒಂದೊಂದಾಗಿ ಹೊರಗೆ ಹೋಗುತ್ತಿತ್ತು. ಆದರೆ ಆ ಮನೆಯಲ್ಲಿ 'ಮಾರುವುದು' ಎಂಬ ಮಾತನ್ನು ಯಾರೂ ಎತ್ತಬಾರದು. "ಒಳ್ಳೇ ಮನೆ ನೋಡಿ ಕೊಡ್ತಿದೀನಿ," ಎನ್ನುತ್ತಿದ್ದ ಅಪ್ಪ, ಬೀರುವಿಗೆ ಗಂಡು ಹುಡುಕಿದವನ ಹಾಗೆ. ಅಮ್ಮ ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವುದಕ್ಕೂ ಅವನು ಇಟ್ಟ ಹೆಸರು 'ಹೊತ್ತು ಕಳೆಯೋಕೆ'. ಇನ್ನೊಂದು ಕಟ್ಟಳೆಯೂ ಇತ್ತು: ಹಜಾರ ಮಾತ್ರ ಯಾವಾಗಲೂ ತುಂಬಿರಬೇಕು. ಹಜಾರದ್ದು ಹೋದರೆ ಒಳಕೋಣೆಯದನ್ನು ಎಳೆದು ತಂದು ಆ ಜಾಗದಲ್ಲಿ ಇಡುವುದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಹೀಗೆ ಒಳಗಿನ ಕೋಣೆಗಳೆಲ್ಲ ಬರಿದಾಗಿ, ಮಾತಾಡಿದರೆ ಮಾರ್ದನಿ ಕೇಳಿಸುತ್ತಿತ್ತು. ಬಂದವರು ಮಾತ್ರ, "ಇನ್ನೂ ಏನು ವೈಭವ ಇಟ್ಟಿದೀರಿ," ಎಂದು ಹೊಗಳಿಯೇ ಹೋಗುತ್ತಿದ್ದರು.

ಹುಡುಗಿಗೆ ಹದಿನೈದು ತುಂಬಿತ್ತು. ಮುಂದೆ ಅವಳ ಪುಸ್ತಕಗಳನ್ನು ಜನ ಕಾದು ಓದುವ ಕಾಲ ಬಂತು, ಅದು ಬೇರೆ ಮಾತು. ಆಗ ಅವಳಿಗಿದ್ದ ಹೆಸರು ಒಂದೇ, ಸುಳ್ಳಿ. ಔಷಧಿ ಅಂಗಡಿಯಲ್ಲಿ ಅಮ್ಮನನ್ನು ಕಂಡ ಗೆಳತಿಯೊಬ್ಬಳು ತರಗತಿಯಲ್ಲಿ ಕೇಳಿದಾಗ, "ಅದು ನಮ್ಮಮ್ಮ ಅಲ್ಲ, ಚಿಕ್ಕಮ್ಮ. ಅಮ್ಮ ತೀರಿಕೊಂಡು ವರ್ಷ ಆಯ್ತು," ಎಂದುಬಿಟ್ಟಿದ್ದಳು. ಅಲ್ಲಿಗೇ ನಿಲ್ಲಿಸಿದ್ದರೂ ಬಚಾವಾಗುತ್ತಿದ್ದಳು. ಎಲುಬಿಲ್ಲದ ನಾಲಿಗೆ ನಿಲ್ಲಬೇಕಲ್ಲ. ಅಮ್ಮನ ಕೊನೆಯ ಮಾತು ಏನು, ಕೊನೆಗೆ ಉಟ್ಟ ಸೀರೆಯ ಬಣ್ಣ ಯಾವುದು ಎಂಬುದನ್ನೂ ಹೇಳಿದಳು. ಅರ್ಧ ತರಗತಿ ಅತ್ತಿತು. ಸಂಜೆ ಸಮಾಧಾನ ಹೇಳಲು ಟೀಚರು ಮನೆಗೇ ಬಂದರು. ಬಾಗಿಲು ತೆಗೆದವಳು ಅಮ್ಮ.

ಅವತ್ತು ಅಪ್ಪ ಮರದ ಅಡಿಕೋಲು ಮುರಿಯುವವರೆಗೆ ಹೊಡೆದಿದ್ದ. ಅಮ್ಮ ಹೊಡೆಯಲಿಲ್ಲ, ಮಾತು ಬಿಟ್ಟಳು. ಅದು ಹೆಚ್ಚು ಉರಿಯಿತು.

ಆ ವಾರವೇ ಗೋಡೆ ಗಡಿಯಾರ ನೋಡಲು ಬಂದವನೊಬ್ಬ ಹೂಂ ಅನ್ನದೆ ಊಹೂಂ ಅನ್ನದೆ ನಿಂತಿದ್ದಾಗ, ಹುಡುಗಿ ತನ್ನ ಪಾಡಿಗೆ, "ಅದು ಕೀಲಿ ಕೊಡದೆ ಇದ್ರೂ ನಿಂತಿಲ್ಲ. ತಾತ ಊರಲ್ಲಿಲ್ಲದ ದಿನ ಮಾತ್ರ ನಿಲ್ತಿತ್ತಂತೆ," ಎಂದಳು. ಬಂದವನು ಅದನ್ನು ಮಗುವಿನಂತೆ ಎತ್ತಿಕೊಂಡು ಹೋದ. ಮರುದಿನ ಅಪ್ಪ ಅವಳಿಗೆ ಹೊಸ ಚಪ್ಪಲಿ ತಂದುಕೊಟ್ಟ. ಅಲ್ಲಿಂದ ಯಾರೇ ಬಂದರೂ ಅವಳು ಕಿಟಕಿಯ ಪಕ್ಕ ನಿಲ್ಲಬೇಕಾಯಿತು. ಏಟು ತಿನ್ನಿಸಿದ ಸುಳ್ಳಿಗೇ ಈಗ ಅದೇ ಮನೆಯಲ್ಲಿ ಬೆಲೆ ಬಂದಿತ್ತು. ಹಿಗ್ಗೂ ಆಯಿತು, ನಾಚಿಕೆಯೂ ಆಯಿತು.

ಅವಳು ಬಾಯಿ ಬಿಡುವಷ್ಟರಲ್ಲಿ ಬಟ್ಟೆ ಅಂಗಡಿಯವಳು ಮೇಜನ್ನು ಮರೆತಿದ್ದಳು. "ಆ ಕುರ್ಚಿ?" ಎಂದಳು.

ಅದು ಅಜ್ಜಿಯ ಆರಾಮ ಕುರ್ಚಿ. ಉಬ್ಬಸದ ಅಜ್ಜಿ ಅಡ್ಡಾಗುವಂತಿರಲಿಲ್ಲ, ಅಡ್ಡಾದರೆ ಉಸಿರು ಕಟ್ಟುತ್ತಿತ್ತು. ಎಷ್ಟೋ ವರ್ಷಗಳಿಂದ ಅವಳು ಮಲಗುತ್ತಿದ್ದುದು ಅದರಲ್ಲೇ, ಒರಗಿಕೊಂಡು. ಹಜಾರದ ಸೋಫಾ ಹೋದ ಮೇಲೆ ಅಪ್ಪ ಆ ಕುರ್ಚಿಯನ್ನು ಹಗಲು ಹೊರಗೆ ತಂದಿಟ್ಟು, ಕತ್ತಲಾದ ಮೇಲೆ ಒಳಗೆ ಒಯ್ಯುತ್ತಿದ್ದ. ಹಗಲು ಅಜ್ಜಿ ಹಜಾರದಲ್ಲೇ ಕೂತಿರುತ್ತಿದ್ದಳು. ಗಿರಾಕಿ ಬಂದರೆ ಮಾತ್ರ ಎಬ್ಬಿಸಿ ಒಳಗೆ ಕಳಿಸುವುದು. ಕುರ್ಚಿಯನ್ನು ಒಳಗೇ ಬಿಟ್ಟಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

"ಅದು ಕೊಡೋದಲ್ಲಮ್ಮ," ಎಂದ ಅಪ್ಪ. "ನಮ್ಮ ತಾಯೀದು."

"ಹಾಗೋ. ಕೊಡೋ ಹಾಗಿದ್ರೆ ಮೇಜಿನ ವಿಷಯ ನಾನು ಚೌಕಾಸಿ ಮಾಡ್ತಿರ್ಲಿಲ್ಲ."

ಅಪ್ಪ ಸುಮ್ಮನಾದ. ಆ ಮೌನ ಹುಡುಗಿಗೆ ಗೊತ್ತಿದ್ದದ್ದೇ. ನಿಲುವುಗನ್ನಡಿ ಹೋದದ್ದೂ ಇಂಥದೇ ಮೌನದ ಬೆನ್ನಿಗೆ. ಕುರ್ಚಿ ಮುಟ್ಟಲ್ಲ ಎಂದು ಅಜ್ಜಿಯ ಕೈ ಹಿಡಿದು ಹೇಳಿದ್ದವನು ಈಗ ಗದ್ದ ಕೆರೆದುಕೊಳ್ಳುತ್ತಿದ್ದ. ಏನಾದರೂ ಮಾಡಿ ಈ ಹೆಂಗಸಿಗೆ ಕುರ್ಚಿ ಬೇಡವೆನಿಸಬೇಕು. ಹುಡುಗಿಯ ಬಳಿ ಇದ್ದದ್ದು ಒಂದೇ ವಿದ್ಯೆ.

"ಅದ್ರಲ್ಲಿ ಕೂರಬೇಡಿ ಆಂಟಿ," ಎಂದಳು. "ತಾತ ಹೋಗಿದ್ದು ಅದ್ರಲ್ಲೇ."

ಯಜಮಾನಿ ತಿರುಗಿ ನೋಡಿದಳು.

"ಮಧ್ಯಾಹ್ನ ಊಟ ಆಗಿತ್ತು. ಅಜ್ಜಿ ನೀರು ಕೊಟ್ಟು ಒಳಗೆ ಹೋದ್ರು. ಬರೋಷ್ಟ್ರಲ್ಲಿ ತಾತ ಕಣ್ಣು ಮುಚ್ಚಿದ್ರು. ಕನ್ನಡಕ ಮೂಗಿನ ಮೇಲೇ ಇತ್ತು. ಬಲಗೈಯಲ್ಲಿ ಲೋಟ ಹಿಡಿದಿದ್ರಲ್ಲ, ಒಂದು ಹನಿ ತುಳುಕಿರ್ಲಿಲ್ಲ. ನಿದ್ದೆ ಬಂದಿದೆ ಅಂತ ಅಜ್ಜಿ ಲೋಟ ತಗೊಳ್ಳೋಕೆ ಹೋದ್ರೆ ಬೆರಳು ಬಿಡ್ಲಿಲ್ಲ." ಇಷ್ಟು ಸಾಲದು, ಇನ್ನೂ ಹೆದರಿಸಬೇಕು ಅನ್ನಿಸಿತು. "ಅವತ್ತಿಂದ ಕುರ್ಚಿಯ ಬಲಗೈ ತಣ್ಣಗಾಗಿಲ್ಲ. ಬೇಕಾದ್ರೆ ಮುಟ್ಟಿ ನೋಡಿ."

ಯಜಮಾನಿ ಹೆದರಿ ಹಿಂದೆ ಸರಿಯಬೇಕಿತ್ತು. ಅವಳು ಮುಂದೆ ಬಂದು, ಸೀರೆಯ ನೆರಿಗೆ ಹಿಡಿದು, ಮೆಲ್ಲಗೆ ಕುರ್ಚಿಯಲ್ಲಿ ಕೂತಳು. ಬಲಗೈಯ ಮೇಲೆ ಅಂಗೈ ಊರಿದಳು.

"ಹೌದು," ಎಂದಳು. "ಬಿಸಿ ಇದೆ."

ಇರದೆ ಏನು. ಐದು ನಿಮಿಷದ ಹಿಂದಷ್ಟೇ ಅಜ್ಜಿಯನ್ನು ಅಲ್ಲಿಂದ ಎಬ್ಬಿಸಿ ಕಳಿಸಿದ್ದರು.

"ನಮ್ಮ ಯಜಮಾನ್ರು ಆಸ್ಪತ್ರೇಲಿ ಹೋದ್ರು ಮಗು. ಮೂಗಲ್ಲಿ ನಳಿಕೆ, ಬಾಯಲ್ಲಿ ನಳಿಕೆ. ನನ್ನ ಹತ್ರಕ್ಕೇ ಬಿಡ್ಲಿಲ್ಲ." ಅವಳ ಕಣ್ಣು ತುಂಬಿತ್ತು. ಎದ್ದವಳೇ ಅಪ್ಪನ ಕಡೆ ತಿರುಗಿ, "ನೀವು ಎಷ್ಟು ಹೇಳ್ತೀರೋ ಅಷ್ಟು," ಎಂದಳು.

ಅಪ್ಪ ಹೇಳಿದ.

ಮೇಜೂ ಕುರ್ಚಿಯೂ ಗಾಡಿ ಏರಿ ಹೋದ ಮೇಲೆ ಅವನು ಮಗಳ ಬೆನ್ನು ತಟ್ಟಿದ. "ಭಲೇ. ಹೀಗೆ ಹೊಳೀತದೆ ಅಂತ ನಾನೂ ಅಂದ್ಕೊಂಡಿರ್ಲಿಲ್ಲ."

"ನಾನು ಮಾರೋಕೆ ಹೇಳಿದ್ದಲ್ಲ ಅಪ್ಪ."

"ಮಾರೋದಲ್ಲಮ್ಮ," ಎಂದ ಅಪ್ಪ, ಬೇರೆ ಕಡೆ ನೋಡುತ್ತ. "ಒಳ್ಳೇ ಮನೆ ನೋಡಿ ಕೊಟ್ಟಿದ್ದು."

ದೀಪ ಹಾಕುವ ಹೊತ್ತಿಗೆ ಅವಳು ಅಜ್ಜಿಯ ಕೋಣೆಗೆ ಹೋದಳು. ಅಜ್ಜಿ ಚಾಪೆಯ ಮೇಲೆ ಕಾಲು ಚಾಚಿ, ಎರಡೂ ಕೈ ನೆಲಕ್ಕೂರಿ ಕೂತಿದ್ದಳು. ಗೋಡೆಗೆ ಒರಗಲು ನೋಡಿದಳು, ಅದರ ತಣುಪಿಗೆ ಕೆಮ್ಮು ಬಂತು. ಮುಂದಕ್ಕೆ ಬಾಗಿದಳು, ಉಸಿರು ಸಿಳ್ಳೆ ಹಾಕಿತು. ಹುಡುಗಿ ಬಾಗಿಲಲ್ಲೇ ನಿಂತಳು. ತನ್ನ ನಾಲಿಗೆಯನ್ನು ಕಿತ್ತು ಬಿಸಾಡಬೇಕು ಅನ್ನಿಸಿತು.

"ಬಾ ಇಲ್ಲಿ," ಎಂದಳು ಅಜ್ಜಿ. "ಎಲ್ಲಾ ಕೇಳಿಸ್ತು."

"ಅಜ್ಜಿ, ನಾನು ಅವ್ರನ್ನ ಹೆದರಿಸೋಣ ಅಂತ..."

"ಗೊತ್ತು." ಅಜ್ಜಿ ಸ್ವಲ್ಪ ದಮ್ಮು ತೆಗೆದುಕೊಂಡಳು. "ನಿಮ್ಮ ತಾತ ಹೋಗಿದ್ದು ಎಲ್ಲೋ ದೂರದ ಲಾಡ್ಜಿನಲ್ಲಿ ಕಣೆ. ನಾವು ಹೋಗಿ ಮುಖ ನೋಡೋಷ್ಟ್ರಲ್ಲಿ ಮೂರು ದಿನ ಆಗಿತ್ತು. ನಾನೆಲ್ಲಿ ನೀರು ಕೊಟ್ಟೆ."

ಹುಡುಗಿ ಅಳಲು ಶುರುಮಾಡಿದಳು.

"ಅತ್ತಿದ್ದು ಸಾಕು. ನನ್ನ ಹಿಂದೆ ಬಂದು ಕೂತ್ಕೊ."

ಅವಳು ಹೋಗಿ ಅಜ್ಜಿಯ ಬೆನ್ನಿಗೆ ಬೆನ್ನು ಕೊಟ್ಟು ಕೂತಳು. ಅಜ್ಜಿ ಮೆಲ್ಲಗೆ ಒರಗಿದಳು. ಭಾರವೇನೂ ಇರಲಿಲ್ಲ, ಮೂಳೆಗಳಷ್ಟೇ ಒತ್ತುತ್ತಿದ್ದವು. ಒಂದೊಂದು ಉಸಿರೂ ಹುಡುಗಿಯ ಬೆನ್ನೊಳಗೇ ಏರಿ ಇಳಿದಂತಾಯಿತು.

"ಈಗ ಹೇಳು ಅದನ್ನ. ಮೊದಲಿಂದ."

"ಯಾವುದನ್ನ?"

"ತಾತ ಹೋಗಿದ್ದನ್ನ."

ಹುಡುಗಿ ಮೂಗೊರೆಸಿಕೊಂಡಳು. "ಮಧ್ಯಾಹ್ನ ಊಟ ಆಗಿತ್ತು," ಎಂದಳು. "ಅಜ್ಜಿ ನೀರು ಕೊಟ್ರು. ತಾತ ಬಲಗೈಯಲ್ಲಿ ಲೋಟ..."

"ಎಡಗೈ," ಎಂದಳು ಅಜ್ಜಿ. "ಅವ್ರು ಎಡಚರು. ಸುಳ್ಳು ಹೇಳೋದಾದ್ರೆ ಸರಿಯಾಗಿ ಹೇಳು."

ಹುಡುಗಿ ಬೆನ್ನು ನೆಟ್ಟಗೆ ಮಾಡಿ, ಅಂಗೈಗಳನ್ನು ನೆಲಕ್ಕೆ ಗಟ್ಟಿಯಾಗಿ ಊರಿ, ಮತ್ತೆ ಮಧ್ಯಾಹ್ನದಿಂದ ಶುರುಮಾಡಿದಳು. ಲೋಟದ ತನಕ ಬರುವಷ್ಟರಲ್ಲಿ ಬೆನ್ನ ಹಿಂದೆ ಅಜ್ಜಿಯ ಉಸಿರಿನ ಸಿಳ್ಳೆ ಸಣ್ಣಗಾಗಿತ್ತು. ಅವಳು ಕದಲದೆ, ದನಿ ತಗ್ಗಿಸಿ, ಹೇಳುತ್ತಲೇ ಇದ್ದಳು.