ಕಳಕಮ್ಮನ ಖಾನಾವಳಿಯ ಸಾರು

ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಊಟ ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ಯಾರನ್ನಾದರೂ ಕೇಳಿ ನೋಡಿ. ಹಿಂದಿನ ಓಣಿಯತ್ತ ಕೈ ತೋರಿಸಿ, "ಕಳಕಮ್ಮನ ಖಾನಾವಳಿಗೆ ಹೋಗ್ರಿ, ಮನಿ ಊಟ ಮರೀತೀರಿ" ಎನ್ನುತ್ತಾರೆ. ಹಾಗೆ ಕೈ ತೋರಿಸುವವರು ತಾವು ಮಾತ್ರ ಈಗ ಹೆದ್ದಾರಿ ಪಕ್ಕದ ಹೊಸ ಹೋಟೆಲಿನಲ್ಲಿ ಉಣ್ಣುತ್ತಾರೆ. ನನ್ನ ಸಿಟ್ಟು ಇವರ ಮೇಲೆಯೇ. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ನಾನು ಶಿವಲೀಲಾ, ಕಳಕಮ್ಮನ ಸೊಸೆ. ತವರು ಗಂಗಾವತಿ. ನಮ್ಮ ಕಡೆ ಕಾಲುವೆ ನೀರು, ಭತ್ತದ ಗದ್ದೆ, ಮೂರು ಹೊತ್ತೂ ಅನ್ನ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಬಡಿದ ಮೊದಲ ರೊಟ್ಟಿಯನ್ನು ನೋಡಿ ಅತ್ತೆ, "ಇದು ರೊಟ್ಟಿ ಅಲ್ಲವ್ವಾ, ಗಂಗಾವತಿ ತಾಲೂಕಿನ ನಕಾಶಿ" ಎಂದು ನಕ್ಕಿದ್ದರು. ಆಮೇಲೆ ರೊಟ್ಟಿ ಬಡಿಯುವುದು ಕಲಿತೆ, ಎಣಗಾಯಿಗೆ ಮಸಾಲೆ ತುಂಬುವುದು ಕಲಿತೆ, ಗುರೆಳ್ಳಿನ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುವುದೂ ಬಂತು. ಸಾರಿನ ಪಾತ್ರೆಯ ಹತ್ತಿರ ಮಾತ್ರ ನನಗೆ ಪ್ರವೇಶವಿಲ್ಲ. ಅಕ್ಕಿ ಸೀಮೆಯವಳ ನಾಲಿಗೆಗೆ ಬೇಳೆಸಾರಿನ ಹದ ತಿಳಿಯುವುದಿಲ್ಲ ಎಂಬುದು ಈ ಮನೆಯಲ್ಲಿ ಎಂದೋ ತೀರ್ಮಾನವಾದ ಮಾತು.

ಹಾಗೆಂದು ಅತ್ತೆಯೂ ರುಚಿ ನೋಡಿ ಅಡುಗೆ ಮಾಡುವವರಲ್ಲ. ಒಲೆಯಿಂದ ಇಳಿದದ್ದು ಎರಡೂ ಹೊತ್ತು ಮೊದಲು ಗೋಡೆಯ ಮೇಲಿನ ಮಠದ ಸ್ವಾಮಿ ಅಜ್ಜನ ಫೋಟೊಕ್ಕೆ ಎಡೆಯಾಗಬೇಕು. ಅದಕ್ಕೂ ಮುಂಚೆ ಯಾರ ನಾಲಿಗೆಗೆ ತಾಕಿದರೂ ಎಂಜಲು. ಹಾಗಾಗಿ ಅವರು ಉಪ್ಪನ್ನು ಅಳೆಯುತ್ತಿದ್ದದ್ದು ಮೂಗಿನಿಂದ. ಮುಷ್ಟಿಯಿಂದ ಉಪ್ಪು ಹಾಕಿ, ಸೌಟು ಆಡಿಸಿ, ಏಳುವ ಹಬೆಗೆ ಮುಖವೊಡ್ಡಿ ಕಣ್ಣು ಮುಚ್ಚಿ ನಿಲ್ಲುವರು. "ಇನ್ನೊಂದೀಟು ಬೇಡ್ತೈತಿ" ಎಂದು ಚಿಟಿಕೆ ಉದುರಿಸಿದರೆ ಮುಗಿಯಿತು, ಆ ಸಾರನ್ನು ಉಣ್ಣಲು ಯಲಬುರ್ಗಾದಿಂದ ವಕೀಲರು ಬರುತ್ತಿದ್ದರು. ನಾನೂ ಒಪ್ಪುತ್ತೇನೆ, ಅಂಥ ಕೈ ನಮ್ಮ ತವರಿನಲ್ಲಿ ಇಲ್ಲ.

ಎಡೆಯ ತಾಟು ಅಜ್ಜನ ಮುಂದಿನಿಂದ ಎದ್ದು ನೇರ ಮಕ್ಬುಲಸಾಬ ಕಾಕಾನ ಮುಂದೆ ಹೋಗುತ್ತದೆ. ಕಾಕಾನದು ಎದುರಿಗೇ ಪಂಕ್ಚರ್ ಅಂಗಡಿ. ಅತ್ತೆ ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ಈ ಖಾನಾವಳಿ ತೆರೆದ ದಿನ, ಹೊತ್ತು ಇಳಿದರೂ ಒಬ್ಬ ಗಿರಾಕಿ ಬರಲಿಲ್ಲವಂತೆ. ಕಾಕಾ ಕೈ ತೊಳೆದುಕೊಂಡು ಬಂದು, "ಅಕ್ಕಾ, ನನಗ ಹಸಿವಿ ಆಗೈತಿ" ಎಂದು ಕುಳಿತನಂತೆ. ಅಂದಿನ ಬೋಣಿ ಅವನದು. ಇಂದಿಗೂ ಅವನು ಉಂಡು ಎದ್ದು "ಛಲೋ ಐತಿ ಅಕ್ಕಾ" ಎನ್ನುವ ತನಕ ಅತ್ತೆ ಬೇರೆಯವರಿಗೆ ನೀಡುವುದಿಲ್ಲ.

ಹೋದ ಮಳೆಗಾಲದಲ್ಲಿ ಅತ್ತೆಗೆ ಜ್ವರ ಬಂತು. ಇಳಿಯಿತು ಕೂಡ. ಆದರೆ ಎದ್ದು ಮತ್ತೆ ಒಲೆಯ ಮುಂದೆ ಬಂದ ಮೊದಲ ದಿನ ಅವರು ಹಬೆಗೆ ಮುಖವೊಡ್ಡಿ ಬಹಳ ಹೊತ್ತು ನಿಂತರು. ಉಪ್ಪು ಹಾಕಿದರು, ಮೂಸಿದರು, ಮತ್ತೆ ಹಾಕಿದರು. ಅಂದು ಎಲ್ಲರ ಊಟವಾದ ಮೇಲೆ ನಾನು ತುತ್ತು ಬಾಯಿಗಿಟ್ಟರೆ ನಾಲಿಗೆ ಉರಿಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರಲ್ಲ, ಆ ವಾರದಿಂದ ನಮ್ಮ ಗಿರಾಕಿಗಳು ಗಾದೆಯನ್ನು ಅಕ್ಷರಶಃ ಪಾಲಿಸತೊಡಗಿದರು. ನೀರಿನ ಜಗ್ಗು ತುಂಬಿಸಿ ತುಂಬಿಸಿ ನನ್ನ ಕೈ ಸೋತಿತು.

ಒಬ್ಬನಾದರೂ ಹೇಳಬೇಕಲ್ಲ. ಹೇಳಲಿಲ್ಲ. ಅಜ್ಜನ ಎಡೆಯಾದ ಅಡುಗೆಗೆ ಹೆಸರಿಟ್ಟು ಕೊಂಕು ತೆಗೆಯಬಾರದು ಎಂಬುದು ಒಂದು, ಅಷ್ಟು ವಯಸ್ಸಾದ ಅವ್ವ ಎದುರಿಗೆ ನಿಂತು "ಹೆಂಗೈತ್ರಿ?" ಎಂದು ಕೇಳುವಾಗ ಉಪ್ಪು ಹೆಚ್ಚಾಯಿತು ಎನ್ನುವ ಬಾಯಿ ಯಾರಿಗಿದೆ ಎಂಬುದು ಇನ್ನೊಂದು. ವಕೀಲರು ಕಣ್ಣಲ್ಲಿ ನೀರು ತಂದುಕೊಂಡು "ಛಲೋ ಐತ್ರಿ ಅವ್ವಾ" ಎಂದರು. ಸಾಲಿ ಮಾಸ್ತರರು ಸಾರಿಗೆ ಮೊಸರು ಕಲಸಿಕೊಂಡು ಅದೇ ಮಾತು ಹೇಳಿದರು. ಹೇಳಿ, ಕೈ ತೊಳೆದು ಹೋದವರು ಮರುವಾರ ಕಾಣಿಸಲಿಲ್ಲ.

ನಮ್ಮ ಮನೆಯವರಿಗೆ ಹೇಳಿದೆ. ಹೆಸರು ಹೇಳಲೇಬೇಕೆಂದರೆ ಉಮಾಪತಿ. ದುಡ್ಡಿನ ಗಲ್ಲೆಯ ಮೇಲೆ ಕುಳಿತು ಬಂದವರಿಗೆಲ್ಲ ನಗುವುದರಲ್ಲಿ ಇವರನ್ನು ಮೀರಿಸುವವರಿಲ್ಲ.

"ನನಗೂ ಗೊತ್ತೈತಿ," ಎಂದರು ಸಣ್ಣಗೆ. "ಅವ್ವಗ ಯಾರು ಹೇಳ್ತಾರ?"

"ಮಗಾ ನೀವು. ನೀವ ಹೇಳಬೇಕು."

"ಆಕಿಗೆ ಇದೊಂದ ಐತಿ, ಶಿವಲೀಲಾ. ಇದೂ ಇಲ್ಲ ಅಂದ್ರ ಆಕಿ ಮಲಗಿದ ಹಾಸಿಗಿ ಬಿಟ್ಟು ಏಳೂದಿಲ್ಲ."

ಅವರು ಹೇಳಿದ್ದು ಸುಳ್ಳಲ್ಲ. ಬಿಸಿ ತುಪ್ಪ ಬಾಯಿಗೆ ಬಿದ್ದಂತಾಗಿತ್ತು, ನುಂಗುವಂತೆಯೂ ಇಲ್ಲ ಉಗುಳುವಂತೆಯೂ ಇಲ್ಲ. ಆದರೂ ನಾನು ಸುಮ್ಮನಿರುವವಳಲ್ಲ. ಒಂದು ದಿನ ಅತ್ತೆ ಅಜ್ಜನಿಗೆ ಹೂವು ತರಲು ಹಿತ್ತಲಿಗೆ ಹೋದಾಗ ಸೌಟಿನಿಂದ ಸಾರು ಅಂಗೈಗೆ ಹಾಕಿಕೊಂಡು ನೆಕ್ಕಿದೆ. ಎರಡು ತಂಬಿಗೆ ಬಿಸಿನೀರು, ಒಂದಿಷ್ಟು ಬೆಂದ ಬೇಳೆ ಸೇರಿಸಿದರೆ ಸರಿಹೋಗುತ್ತಿತ್ತು. ತಂಬಿಗೆ ಎತ್ತುವಷ್ಟರಲ್ಲಿ ಬಾಗಿಲಲ್ಲಿ ಅತ್ತೆ ನಿಂತಿದ್ದರು.

ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. "ಅಜ್ಜಗ ಎಂಜಲಾ ಉಣಸ್ತಿ ಏನವ್ವಾ?" ಎಂದರು ಅಷ್ಟೇ. ಸೆರಗಿನಿಂದ ಪಾತ್ರೆ ಹಿಡಿದು, ಅಷ್ಟೂ ಸಾರನ್ನು ಹಿತ್ತಲ ಮೋರಿಗೆ ಸುರುವಿ ಬಂದು, ಹೊಸದಾಗಿ ಬೇಳೆ ತೊಳೆಯಲು ಕುಳಿತರು. ಹೊಸ ಸಾರು ಹಳೆಯದಕ್ಕಿಂತ ಉಪ್ಪಾಯಿತು. ಅಂದಿನಿಂದ ಅವರು ಹೂವಿಗೆ ನನ್ನನ್ನೇ ಕಳಿಸುತ್ತಾರೆ.

ಊರವರು ಬಿಟ್ಟರೇನಂತೆ, ಪರವೂರಿನವರು ಬರುತ್ತಲೇ ಇದ್ದಾರೆ. ಬಾಗಲಕೋಟೆ, ಇಳಕಲ್ ಕಡೆಯಿಂದ ಅಂಜನಾದ್ರಿಗೆಂದು ಹನುಮನಹಳ್ಳಿಗೆ ಹೋಗುವ ಕಾರಿನವರು ಫೋನು ನೋಡಿ ನಮ್ಮ ಓಣಿ ಹುಡುಕಿಕೊಂಡು ಬರುತ್ತಾರೆ. ಹಳೆಯ ಗಿರಾಕಿಗಳು ಎಂದೋ ಹೊಗಳಿ ಹಾಕಿದ್ದು ಅದರಲ್ಲಿ ಇನ್ನೂ ಇದೆ. ಈ ಹೊಸಬರೂ ಅತ್ತೆಯ ಮುಖ ನೋಡಿ ತಲೆಯಾಡಿಸಿ ಹೋಗುತ್ತಾರೆ, ಕಾರು ದೋಟಿಹಾಳದ ತಿರುವು ದಾಟುವ ಮೊದಲೇ ಬರೆಯುತ್ತಾರೆ. 'ಸಾರು ಬಾಯಿಗಿಡುವಂತಿಲ್ಲ.' 'ಅಜ್ಜಿ ಬಹಳ ಒಳ್ಳೆಯವರು, ಊಟ ಬೇಡ.' ನಾನು ರೊಟ್ಟಿಹಿಟ್ಟಿನ ಕೈ ಒರೆಸಿಕೊಂಡು ಓದುತ್ತೇನೆ. ಅತ್ತೆ ಒಲೆಯ ಕಡೆಯಿಂದ, "ಏನಂತ ಬರದಾರ?" ಎಂದು ಕೇಳುತ್ತಾರೆ. "ನೀವು ಭಾಳ ಒಳ್ಳೇವ್ರಂತ್ರಿ ಅತ್ತಿ" ಎನ್ನುತ್ತೇನೆ. ಅದು ಸುಳ್ಳೂ ಅಲ್ಲ.

ಉಳಿದವನು ಕಾಕಾ ಒಬ್ಬ. ಅತ್ತೆ ಯಾರ ಮಾತನ್ನಾದರೂ ನಂಬುವುದಿದ್ದರೆ ಅವನದನ್ನು. ಒಂದು ಮಧ್ಯಾಹ್ನ ಅಂಗಡಿಗೆ ಹೋಗಿ ಕೈಮುಗಿದೆ.

"ಕಾಕಾ, ನೀವೊಂದ ಮಾತು ಹೇಳ್ರಿ. ಉಪ್ಪು ಹೆಚ್ಚಾಗೇತಿ ಅಕ್ಕಾ ಅನ್ರಿ, ಸಾಕು."

ಅವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಿದ್ದ. ತಲೆ ಎತ್ತಲಿಲ್ಲ. "ಎಡಿ ತಾಟು ಉಣ್ಣಾಂವ ನಾನು, ತಂಗಿ. ಬೋಣಿ ನಂದು. ನಾ ಹೆಸರಿಟ್ಟರ ಮುಂದ ಆಕಿ ಯಾರಿಗೆ ನೀಡ್ತಾಳ?"

"ನಿಮಗ ಬಿಪಿ ಐತಂತ. ನಿಮ್ಮ ಮಗಳು ಸಬೀನಾ ಹೇಳ್ಯಾಳ."

"ಇಷ್ಟು ವರ್ಷ ಆಕಿ ಕೈ ಅಡಗಿ ಉಂಡೀನಿ. ಈಗೇನು ಬಿಡ್ಲಿ?" ಎಂದು ಟ್ಯೂಬು ತಿರುಗಿಸಿದ.

ನನಗೆ ಅವನ ಮೇಲೂ ಸಿಟ್ಟು ಬಂತು. ಇದೆಂಥ ಪ್ರೀತಿ, ನಾಲಿಗೆಯಿಲ್ಲದ ಪ್ರೀತಿ. ಆದರೆ ಮರುದಿನ ಅವನು ಬಂದು ಕುಳಿತು, ಎಡೆಯ ಸಾರನ್ನು ಕಡೆಯ ಹನಿವರೆಗೆ ರೊಟ್ಟಿಯಲ್ಲಿ ಒರೆಸಿ ತಿಂದು, "ಛಲೋ ಐತಿ ಅಕ್ಕಾ" ಎಂದಾಗ ಅತ್ತೆಯ ಮುಖ ಅರಳಿದ್ದನ್ನು ನೋಡಿದೆ. ನನ್ನ ಸಿಟ್ಟು ಅಲ್ಲಿಗೇ ಇಳಿದುಹೋಯಿತು. ಅದರ ಮೇಲೆ ಕೆಟ್ಟ ಅಳು ಬಂತು.

ಈ ಸೋಮವಾರ ಕಾಕಾ ಅಂಗಡಿಯಲ್ಲೇ ಕುಸಿದು ಬಿದ್ದ. ಬಿಪಿ ಏರಿತ್ತಂತೆ, ಆಸ್ಪತ್ರೆಗೆ ಸೇರಿಸಿದರು. ಸುದ್ದಿ ಕೇಳಿದ್ದೇ ಅತ್ತೆ ಬೇರೆ ಕೆಲಸ ಬಿಟ್ಟು ಸಾರಿಗಿಟ್ಟರು. ಎಡೆಯ ತಾಟಿನದನ್ನೇ ಸ್ಟೀಲ್ ಡಬ್ಬಿಗೆ ತುಂಬಿ, ಮೆತ್ತನೆ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. "ಆಸ್ಪತ್ರಿ ಗಂಜಿ ಉಂಡ್ರ ಆಂವ ಏಳೂದಿಲ್ಲ. ಬಿಸಿ ಇದ್ದಾಗ ಉಣ್ಣಾಕ ಹೇಳು."

ಮನೆಯವರ ಮುಖ ನೋಡಿದೆ. ಅವರು ಕ್ಯಾಲೆಂಡರಿನತ್ತ ತಿರುಗಿದರು. ಡಬ್ಬಿ ಹಿಡಿದು ಹೊರಟೆ. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ: ಅವನನ್ನು ಮಲಗಿಸಿದ್ದನ್ನೇ ಅವನಿಗೆ ಒಯ್ಯುತ್ತಿದ್ದೇನೆ.

ಸಬೀನಾ ತಂದೆಯ ಕಾಲ ಬಳಿ ಕುಳಿತಿದ್ದಳು. ಡಬ್ಬಿ ನೋಡಿ ಅವಳ ಮುಖ ಸಣ್ಣದಾಯಿತು. "ವೈನಿ, ಡಾಕ್ಟರು ಉಪ್ಪು ಮುಟ್ಟಿಸಬ್ಯಾಡ್ರಿ ಅಂದಾರ. ಮನ್ಯಾಗ ಯಾವಾಗೋ ಬಿಟ್ಟೀವಿ. ಹೆಂಗ ಏರಿತು ಅಂತ ನಮಗೂ ತಿಳಿವಲ್ದು."

ಕಾಕಾ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದ. ಹೇಳಬೇಡ ಎಂಬಂತೆ ತಲೆ ಸ್ವಲ್ಪ ಅಲ್ಲಾಡಿಸಿದ. ಆಮೇಲೆ ಕಷ್ಟಪಟ್ಟು, "ಡಬ್ಬಿ ತುಂಬಿದ್ದು ಹೊಳ್ಳಿ ಒಯ್ಯಬ್ಯಾಡ ತಂಗಿ, ಅಕ್ಕ ನೊಂದ್ಕೋತಾಳ" ಎಂದ. ನಾನು ಹೊರಗೆ ಹೋಗಿ ನಲ್ಲಿಯ ಕೆಳಗೆ ಸಾರನ್ನು ಸುರುವಿದೆ. ಆ ಬಣ್ಣ, ಮೇಲೆ ತೇಲುವ ಒಗ್ಗರಣೆ, ನೋಡಲು ಎಂದಿನಂತೆಯೇ ಇತ್ತು. ಡಬ್ಬಿ ತೊಳೆದು ತಂದಾಗ ಸಬೀನಾ ಅದನ್ನು ಕಸಿದುಕೊಂಡಳು. ಊಟದ ಡಬ್ಬಿಯನ್ನು ಬರಿದಾಗಿ ಕಳಿಸುವ ಪದ್ಧತಿ ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಗೇಟಿನ ಚಹಾದವನಿಂದ ಒಂದು ಮುಷ್ಟಿ ಸಕ್ಕರೆ ಇಸಿದುಕೊಂಡು ಹಾಕಿ ಮುಚ್ಚಿ ಕೊಟ್ಟಳು.

ಮನೆಗೆ ಬರುವಷ್ಟರಲ್ಲಿ ಸಂಜೆಯ ಅಡುಗೆ ಮುಗಿದು ಎಡೆಯೂ ಆಗಿತ್ತು. ಅತ್ತೆ ಒಲೆಯ ಮುಂದೆ ಕುಳಿತು ಕಾಯುತ್ತಿದ್ದರು. "ಉಂಡನಾ?"

"ಉಂಡ್ರಿ."

"ಸಾರು ಹೆಂಗಿತ್ತಂತ?"

"ಛಲೋ ಇತ್ತಂತ್ರಿ ಅತ್ತಿ." ಯೋಚಿಸುವ ಮೊದಲೇ ಮಾತು ಹೊರಬಿದ್ದಿತ್ತು. ಊರವರ ಮೇಲೆ ಹರಿಹಾಯುವ ನನ್ನ ಬಾಯಿ ಇಷ್ಟೇ ಎಂದು ಅಲ್ಲಿ ಗೊತ್ತಾಯಿತು.

ಅತ್ತೆ ಡಬ್ಬಿಯ ಮುಚ್ಚಳ ತೆರೆದರು. ಎರಡು ಬೆರಳಿನಿಂದ ಸಕ್ಕರೆ ಎತ್ತಿ ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಚಪ್ಪರಿಸಿದರು. ಮತ್ತೆ ಒಂದಿಷ್ಟು ಹಾಕಿಕೊಂಡರು. ಆಮೇಲೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನನ್ನು ನೋಡದೆ ಹೇಳಿದರು:

"ಇದು ಸಕ್ಕರಿ ಅಂತ ಕಣ್ಣಿಗೆ ಕಾಣ್ತೈತಿ. ನಾಲಿಗಿ ಹೇಳವಲ್ದು."

ಗಲ್ಲೆಯ ಹತ್ತಿರ ಮನೆಯವರು ಎದ್ದು ನಿಂತರು.

"ಜ್ವರಾ ಬಂದಾಗಿಂದ ಹಿಂಗ ಐತಿ. ಮೂಗೂ ಇಲ್ಲ, ನಾಲಿಗೀನೂ ಇಲ್ಲ. ನನಗ ಅಂಜಿಕಿ ಆಗಿತ್ತು. ಆದ್ರ ಮಕ್ಬುಲ ದಿನಾ ಛಲೋ ಐತಿ ಅಂದ. ವಕೀಲ್ರು ಅಂದ್ರು, ಮಾಸ್ತರ ಅಂದ್ರು. ನಾಲಿಗಿ ಹೋದ್ರ ಹೋಗ್ಲಿ, ಕೈಯಾಗ ಇನ್ನೂ ಐತಿ ಅಂದ್ಕೊಂಡೆ." ಈಗ ಅವರು ತಲೆ ಎತ್ತಿದರು. "ಖರೇ ಹೇಳು ಶಿವಲೀಲಾ. ಆವತ್ತು ನೀ ಅಂಗೈಗೆ ಹಾಕ್ಕೊಂಡು ನೆಕ್ಕಿದೆಲ್ಲ, ಹೆಂಗಿತ್ತು ಸಾರು?"

ಹೇಳಬೇಕೆಂದು ಇಷ್ಟು ತಿಂಗಳು ಒದ್ದಾಡಿದ ಮಾತು ನಾಲಿಗೆಯ ತುದಿಯಲ್ಲಿತ್ತು. ಅವರ ಬೆರಳಿಗೆ ಅಂಟಿದ ಸಕ್ಕರೆ ನೋಡುತ್ತ ನಿಂತೆ, ಒಂದು ಅಕ್ಷರ ಹೊರಡಲಿಲ್ಲ. ಹೊರಡದಿದ್ದದ್ದೇ ಅವರಿಗೆ ಉತ್ತರವಾಯಿತು. "ಹಂಗಾರ ಮಕ್ಬುಲನ ಬಿಪಿ" ಎಂದು ಶುರು ಮಾಡಿದವರು ಅಲ್ಲಿಗೇ ನಿಲ್ಲಿಸಿದರು.

ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು. ಅಂಜನಾದ್ರಿಯಿಂದ ಹಿಂದಿರುಗುತ್ತಿದ್ದ ಸಂಸಾರ, ಹಣೆಯ ಮೇಲೆ ಕುಂಕುಮ. ಫೋನು ಹಿಡಿದವನು ಬೋರ್ಡು ನೋಡಿ, "ಇದ ನೋಡ್ರಿ ಕಳಕಮ್ಮನ ಖಾನಾವಳಿ" ಎಂದು ಉಳಿದವರನ್ನು ಕರೆದ. ಒಳಗೆ ಇಣುಕಿ ಕೇಳಿದ: "ಅವ್ವಾ, ಊಟ ಐತೇನ್ರೀ? ಹುಡುಗರು ಭಾಳ ಹಸದಾವ."

ಈ ಬಾಗಿಲಲ್ಲಿ ಹಸಿವು ಎಂದವರಿಗೆ ಅತ್ತೆ ಎಂದೂ ಇಲ್ಲ ಎಂದವರಲ್ಲ. ಅವರು ಸಾರಿನ ಪಾತ್ರೆ ನೋಡಿದರು, ನನ್ನನ್ನು ನೋಡಿದರು. ನಾನು ಮನೆಯವರನ್ನು ನೋಡಿದೆ. ಗಿರಾಕಿಗೆ ನಗುವ ಅವರ ಬಾಯಿಗೆ ಗೊತ್ತಿದ್ದದ್ದು ಒಂದೇ ಮಾತು.

"ಐತ್ರಿ, ಬರ್ರಿ, ಕುಂದರ್ರಿ."

ನಾನೇ ನೀಡಿದೆ. ಅತ್ತೆ ಎಂದಿನಂತೆ ಎದುರಿಗೆ ಬಂದು ನಿಲ್ಲಲಿಲ್ಲ. ಒಲೆಯ ಮುಂದೆಯೇ ಕುಳಿತು ಕತ್ತು ಹೊರಳಿಸಿ ನೋಡುತ್ತಿದ್ದರು. ಮೊದಲ ತುತ್ತಿಗೆ ಹೆಂಗಸು ಗಂಡನ ಮುಖ ನೋಡಿದಳು. ಮಗುವೊಂದು ಬಾಯಿ ಕಿವುಚಿತು, ಅವಳು ಅದರ ತೊಡೆಗೆ ಮೆಲ್ಲಗೆ ಚಿವುಟಿದಳು. ಗಂಡ ಒಂದು ಲೋಟ ನೀರು ಕುಡಿದು, ಗೋಡೆಯ ಮೇಲಿನ ಅಜ್ಜನನ್ನು ನೋಡಿದ, ಒಲೆಯ ಮುಂದಿನ ಬೆಳ್ಳಿ ಕೂದಲಿನ ಮುದುಕಿಯನ್ನು ನೋಡಿದ. ಯಾರೂ ಕೇಳದಿದ್ದರೂ ಅವನೇ ಹೇಳಿದ:

"ಛಲೋ ಐತ್ರಿ ಅವ್ವಾ."

ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು.