ಟೈರಿನ ಬಲಗಡೆ

"ಭಾವ, ಇಲ್ಲಿ ಬನ್ನಿ. ಇದನ್ನ ಸ್ವಲ್ಪ ನೋಡಿ."

ಭಾವಮೈದ ಕರೆದಾಗ ಅವನು ಗ್ಯಾರೇಜಿನ ಬಾಗಿಲಲ್ಲಿ ಕೂರಲೂ ಆಗದೆ ಹೊರಡಲೂ ಆಗದೆ ನಿಂತು, ಹೆಲ್ಮೆಟ್ಟಿನ ಪಟ್ಟಿಯನ್ನು ಬಿಚ್ಚುವುದು, ಮತ್ತೆ ಸಿಕ್ಕಿಸುವುದು, ಇದನ್ನೇ ಮಾಡುತ್ತಿದ್ದ. ಬೈಕು ದೊಡ್ಡ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಭಾವಮೈದ ಅದರ ಹಿಂದೆ ಕುಕ್ಕರಗಾಲಲ್ಲಿ ಕೂತು, ಎಣ್ಣೆ ಮೆತ್ತಿದ ಬೆರಳಿನಿಂದ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಿದ್ದ.

"ಎಡಗಡೆ ನೋಡಿ, ಸವೆದು ನುಣ್ಣಗಾಗಿದೆ. ಈಗ ಬಲಗಡೆ ನೋಡಿ."

ಬಲ ಅಂಚಿನಲ್ಲಿ, ಹೊಸ ಟೈರಿಗೆ ಇರುತ್ತವಲ್ಲ, ಆ ಸಣ್ಣ ಸಣ್ಣ ರಬ್ಬರ್ ಕೂದಲುಗಳು ಇನ್ನೂ ನೆಟ್ಟಗೆ ನಿಂತಿದ್ದವು.

"ಅರ್ಧ ತಲೆ ಬೋಳಿಸಿ ಊಟಕ್ಕೆ ಎದ್ದು ಹೋದ ಹಾಗಿದೆ," ಎಂದ ಭಾವಮೈದ.

"ರಸ್ತೆ ಓರೆ ಇರಬೇಕು."

"ಊರಲ್ಲಿರೋ ರಸ್ತೆಯೆಲ್ಲಾನಾ? ಆಕ್ಸಿಡೆಂಟ್ ಆದ್ಮೇಲೆ ಇದನ್ನ ಹಾಕಿದ್ದು ನಾನೇ ಅಲ್ವಾ. ಆಮೇಲೆ ನೀವು ಬಲಕ್ಕೆ ತಿರುಗೇ ಇಲ್ವಾ, ಭಾವ?"

ಅವನು ನಕ್ಕ. ನಕ್ಕಿದ್ದು ತನಗೇ ಸಾಲಲಿಲ್ಲ ಅನ್ನಿಸಿ ಇನ್ನೊಮ್ಮೆ ನಕ್ಕ. ಆಮೇಲೆ ಬೀಗದ ಕೈ ಕಿತ್ತುಕೊಂಡು, ಹೊತ್ತಾಯಿತೆಂದು ಹೇಳಿ ಹೊರಟುಬಿಟ್ಟ. ಗ್ಯಾರೇಜಿನಿಂದ ಮನೆಗೆ ಬಲಕ್ಕೆ ತಿರುಗಬೇಕು. ಭಾವಮೈದ ಬಾಗಿಲಿಗೆ ಬಂದು ನೋಡುತ್ತಿದ್ದಾನೆಂದು ಗೊತ್ತಿದ್ದರೂ ಎಡಕ್ಕೇ ಹೋದ.

ಅವನದು ಲ್ಯಾಬಿನ ಕೆಲಸ. ಕ್ಲಿನಿಕ್ಕುಗಳಿಂದ ರಕ್ತದ ಸ್ಯಾಂಪಲ್ಲುಗಳನ್ನು ತಂಪು ಪೆಟ್ಟಿಗೆಯಲ್ಲಿಟ್ಟುಕೊಂಡು ತಂದು ಒಪ್ಪಿಸುವುದು. ಎಡದ ತಿರುವಾದರೆ ಈಗಲೂ ಹಳೇ ಹುಲಿ. ಬೈಕನ್ನು ವಾಲಿಸಿ, ಮೊಣಕಾಲು ನೆಲಕ್ಕೆ ತಾಗಿತೇನೋ ಎಂಬಂತೆ ಸುತ್ತಿ ಬರುತ್ತಿದ್ದ. ಬಲಕ್ಕೆ ತಿರುಗುವ ಜಾಗ ಬಂದರೆ ಮಾತ್ರ ಎರಡೂ ಕೈ ಮರಗಟ್ಟುತ್ತಿದ್ದವು. ಅದಕ್ಕೊಂದು ಉಪಾಯ ಕಂಡುಕೊಂಡಿದ್ದ. ನೇರ ಮುಂದೆ ಹೋಗಿ, ಎಡಕ್ಕೆ, ಮತ್ತೆ ಎಡಕ್ಕೆ, ಮತ್ತೂ ಎಡಕ್ಕೆ ತಿರುಗಿ, ಹೋಗಬೇಕಾದ ರಸ್ತೆಗೇ ಬಂದು ಬೀಳುವುದು. ಅದೂ ಆಗದ ಕಡೆ ಫೋನ್ ಬಂದವನಂತೆ ಬೈಕು ನಿಲ್ಲಿಸಿ, ಇಳಿದು, ಕಿವಿಗೆ ಫೋನು ಒತ್ತಿಕೊಂಡೇ ಬೈಕನ್ನು ತಳ್ಳಿಕೊಂಡು ರಸ್ತೆ ದಾಟುವುದು. ಆ ಫೋನಿನಲ್ಲಿ ಯಾರ ಹತ್ತಿರವೋ "ಹೂಂ, ಹೂಂ, ಹೇಳಿ" ಅಂತಲೂ ಅನ್ನುತ್ತಿದ್ದ, ಪಾಪ.

ಹೀಗೆಯೇ ಬಾಳು ಕಳೆದುಬಿಡಬಹುದಿತ್ತೇನೋ. ಆದರೆ ಬೆಟ್ಟದ ಮೇಲಿನ ಆಸ್ಪತ್ರೆಗೆ ಹೋಗುತ್ತಿದ್ದವನು ಕೆಲಸ ಬಿಟ್ಟ. ಲ್ಯಾಬಿನ ಮೇಡಂ ಇವನನ್ನು ಕರೆದು, "ಸೋಮವಾರದಿಂದ ಬೆಟ್ಟದ ರೂಟು ನಿಮ್ಮದು. ಆಗಲ್ಲ ಅಂದ್ರೆ ಹೇಳಿ, ಒಳಗೆ ಲೇಬಲ್ ಅಂಟಿಸೋ ಕಡೆ ಜಾಗ ಇದೆ," ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಕುರ್ಚಿಗೆ ಅಂಟಿ ಕೂತು ಲೇಬಲ್ ಅಂಟಿಸುವುದನ್ನು ನೆನೆಸಿಕೊಂಡರೇ ಅವನಿಗೆ ಉಸಿರು ಕಟ್ಟುತ್ತಿತ್ತು. ಊಟಕ್ಕೆ ಕೂತಾಗಲೂ ಒಂದು ಕಾಲು ಕುಣಿಯುತ್ತಲೇ ಇರುವ ಮನುಷ್ಯ. ಬೈಕು ಬಿಟ್ಟರೆ ತಾನು ಸತ್ತ ಹಾಗೆ ಎಂದುಕೊಂಡಿದ್ದ. ಬೆಟ್ಟದಲ್ಲೋ, ಒಂದು ತಿರುವು ಎಡಕ್ಕೆ, ಒಂದು ಬಲಕ್ಕೆ. ಒಂದು ಕಡೆ ಬಂಡೆ, ಒಂದು ಕಡೆ ಕಣಿವೆ. ಅಲ್ಲಿ ಸುತ್ತು ಹಾಕಿ ಬರಲು ಬೇರೆ ದಾರಿಯಾದರೂ ಎಲ್ಲಿ? ಗುರುವಾರ ಒಬ್ಬನೇ ಹೋಗಿ ನೋಡಿದ್ದ. ಮೊದಲ ಬಲ ತಿರುವಿನಲ್ಲಿ ಕಾಲು ಊರಿದವನು, ಬೆವರು ಆರುವವರೆಗೆ ನಿಂತು, ವಾಪಸ್ಸು ಬಂದು, ಪಂಕ್ಚರ್ ಆಯಿತೆಂದು ಮನೆಯಲ್ಲಿ ಹೇಳಿದ್ದ.

ಅವನು ಮೂರು ಎಡ ಸುತ್ತಿ ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಹೆಂಡತಿ ಕುರ್ಚಿಯಲ್ಲಿ ಕೂತು, ಮೇಜಿನ ಕಾಲಿಗೆ ಕಟ್ಟಿದ ರಬ್ಬರ್ ಪಟ್ಟಿಯನ್ನು ಬಲಪಾದಕ್ಕೆ ಸಿಕ್ಕಿಸಿ ಎಳೆಯುತ್ತಿದ್ದಳು. ಅವಳ ಕೆಲಸ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ. ಬಿದ್ದವರನ್ನು, ಮುರಿದುಕೊಂಡವರನ್ನು ಕೈಕಾಲು ಆಡಿಸುವಂತೆ ಮಾಡುವುದು. ಈಗ ಅವಳೇ ಕುಂಟಿಕೊಂಡು ಹೋಗಿ ಅವರಿಗೆ ನಡೆಯುವುದನ್ನು ಹೇಳಿಕೊಡುತ್ತಿದ್ದಳು.

"ಬಲಕ್ಕೆ ತಿರುಗಲ್ವಂತೆ ನೀವು," ಎಂದಳು, ತಲೆ ಎತ್ತದೆ.

"ನಿನ್ನ ತಮ್ಮನ ಬಾಯಿಗೆ ಮೊದಲು ಬೀಗ ಹಾಕಿಸು."

"ಗುರುವಾರದ ಪಂಕ್ಚರ್ರೂ ಇದೇನಾ?"

ಅವನು ನೀರು ಕುಡಿಯಲು ಹೋದ. ಕುಡಿದು ಬಂದ. ಮತ್ತೆ ಹೋಗಿ ಇನ್ನೊಂದು ಲೋಟ ಕುಡಿದ.

"ನಾಳೆ ಭಾನುವಾರ. ಬೆಟ್ಟಕ್ಕೆ ಹೋಗೋಣ. ನಾನೂ ಹಿಂದೆ ಕೂರ್ತೀನಿ," ಎಂದಳು.

"ಬೇಡ. ನಿನ್ನನ್ನ ಇನ್ನೊಂದು ಸಲ ಬೀಳಿಸ್ಲಾ?"

"ಬಿದ್ದಿದ್ದು ನಾನು. ಕೂರ್ತೀನಿ ಅಂತಿರೋದೂ ನಾನೇ. ನಿಮಗೇನು ಕಷ್ಟ?"

ಬಿದ್ದಿದ್ದರ ಬಗ್ಗೆ ಅವರ ಮನೆಯಲ್ಲಿ ಅದಕ್ಕಿಂತ ಹೆಚ್ಚು ಮಾತಾಗಿದ್ದೇ ಇಲ್ಲ. ಹೋದ ವರ್ಷ, ಒಂದು ಗೇಟಿನೊಳಗಿಂದ ವ್ಯಾನೊಂದು ಹಿಮ್ಮುಖವಾಗಿ ರಸ್ತೆಗೆ ಬಂದಿತ್ತು. ಇವನು ಹ್ಯಾಂಡಲ್ಲನ್ನು ಬಲಕ್ಕೆ ಎಳೆದ. ಎದುರಿನಿಂದ ಕಾರು. ಬೈಕು ಬಲಕ್ಕೆ ಬಿದ್ದು ಅವಳ ಪಾದ ಅದರಡಿ ಸಿಕ್ಕಿತು. ಇವನಿಗೆ ಮೊಣಕೈ ತರಚಿತು, ಅಷ್ಟೇ. ಅವಳ ಪಾಡಿಗೆ ಅವಳು, ಬ್ರೇಕ್ ಹಿಡಿದಿದ್ದರೆ ಏನೂ ಆಗುತ್ತಿರಲಿಲ್ಲ, ಆದರೆ ಅದನ್ನು ಎತ್ತಿ ಆಡಬಾರದು ಎಂದುಕೊಂಡಿದ್ದಳು. ಅವನ ಪಾಡಿಗೆ ಅವನೂ ಒಂದು ಮಾತನ್ನು ನುಂಗಿಕೊಂಡಿದ್ದ, ಹೇಳಿದರೆ ಅವಳು ನೊಂದುಕೊಳ್ಳುತ್ತಾಳೆಂದು. ಇಬ್ಬರೂ ಒಬ್ಬರನ್ನೊಬ್ಬರು ಕ್ಷಮಿಸಿ, ಅದನ್ನು ಹೇಳದೆ, ದೊಡ್ಡ ಮನಸ್ಸು ಮಾಡಿಕೊಂಡು ಒಂದೇ ಮನೆಯಲ್ಲಿ ಓಡಾಡುತ್ತಿದ್ದರು. ಅಂಥ ಮನೆಯಲ್ಲಿ ಇರುವುದು ಎಷ್ಟು ಕಷ್ಟವೆಂದು ಇದ್ದವರಿಗೇ ಗೊತ್ತು.

ಭಾನುವಾರ ಬೆಳಗ್ಗೆ ಅವಳು ಬೈಕು ಹತ್ತಿದಳು. ಕೆಟ್ಟ ಕಾಲನ್ನು ಎರಡೂ ಕೈಯಿಂದ ಎತ್ತಿ ಆಚೆ ಹಾಕಿಕೊಂಡಳು. ಹಿಡಿದುಕೊಂಡಿದ್ದು ಅವನ ಭುಜವನ್ನಲ್ಲ, ಸೀಟಿನ ಹಿಂದಿನ ಕಂಬಿಯನ್ನು. ಊರು ದಾಟುವವರೆಗೆ ಅವನು ತನ್ನ ಎಡದ ಸುತ್ತುಗಳನ್ನೆಲ್ಲ ಹಾಕಿದ. ಅವಳು ಒಂದಕ್ಷರ ಆಡಲಿಲ್ಲ.

ಬೆಟ್ಟದ ಬುಡದಲ್ಲಿ ಮೊದಲ ತಿರುವು ಎಡಕ್ಕೆ. ಬೈಕು ಬೆಣ್ಣೆಯಲ್ಲಿ ಚಾಕು ಇಳಿದಂತೆ ಹೋಯಿತು. ಎರಡನೆಯದು ಬಲಕ್ಕೆ. ರಸ್ತೆ ಬಂಡೆಯ ಹಿಂದೆ ಮರೆಯಾಗುತ್ತಿತ್ತು, ಆಚೆಯಿಂದ ಏನು ಬರುತ್ತಿದೆಯೆಂದು ಕಾಣುತ್ತಿರಲಿಲ್ಲ. ಅವನ ಕೈ ಗಟ್ಟಿಯಾಯಿತು. ಗೇರು ಇಳಿಸಿದ, ಇನ್ನೂ ಇಳಿಸಿದ. ಕೊನೆಗೆ ಎಂಜಿನ್ನೇ ನಿಂತುಹೋಯಿತು. ಅಂಚಿನ ಕಟ್ಟೆಯ ಪಕ್ಕದಲ್ಲಿ ಕಾಲು ಊರಿ ನಿಂತ.

"ಯಾಕೆ?"

"ಆಗ್ತಿಲ್ಲ."

"ಏನಾಗ್ತಿಲ್ಲ? ರಸ್ತೆ ಖಾಲಿ ಇದೆ."

"ಆಗ್ತಿಲ್ಲ ಅಂದ್ರೆ ಆಗ್ತಿಲ್ಲ! ನಿನಗೆ ಹೇಗೆ ಹೇಳ್ಲಿ?"

ಅವಳು ತಡೆದುಕೊಂಡಳು. ಆದರೂ ಬಾಯಿಂದ ಬಂದೇ ಬಂತು. "ಅವತ್ತು ಅಷ್ಟು ಧೈರ್ಯವಾಗಿ ತಿರುಗಿಸಿದ್ರಲ್ಲ ಬಲಕ್ಕೆ! ಬ್ರೇಕ್ ಹಾಕೋದು ಬಿಟ್ಟು."

ಅವನು ಹೆಲ್ಮೆಟ್ ತೆಗೆದು ಹಿಂದಕ್ಕೆ ತಿರುಗಿದ. ಮುಖ ಕೆಂಪಾಗಿತ್ತು. "ನಾನಾಗಿ ತಿರುಗಿಸಿದ್ನಾ? ನೀನು ಹೇಳಿದ್ದಕ್ಕೆ ತಿರುಗಿಸಿದ್ದು!"

"ನಾನಾ? ನಾನ್ಯಾವಾಗ ಹೇಳ್ದೆ?"

"ಕಿವಿ ಹತ್ತಿರ ಕಿರುಚಿದ್ಯಲ್ಲ!"

"ದೇವರಾಣೆ ಹೇಳಿಲ್ಲ. ಮಾಡೋದೆಲ್ಲ ಮಾಡಿ ಇಷ್ಟು ದಿನ ಆದ್ಮೇಲೆ ನನ್ನ ತಲೆಗೆ ಕಟ್ತೀರಾ?" ಅವಳು ಇಳಿದಳು. ಇಳಿಯುವಾಗ ಕಾಲು ನೋಯಿತು, ಅದನ್ನೂ ಅವನಿಗೆ ತೋರಿಸಿಕೊಳ್ಳದೆ, ಕುಂಟುತ್ತಾ, ತಿರುವಿನ ಕಡೆಗೆ ನಡೆದೇಬಿಟ್ಟಳು.

ಹತ್ತಿ ಓಡಿಸಿ ಅವಳನ್ನು ಹಿಡಿಯಬಹುದಿತ್ತು. ಅದೇ ಆಗುವಂತಿರಲಿಲ್ಲವಲ್ಲ. ಅವನು ಬೈಕು ತಳ್ಳಲು ಶುರುಮಾಡಿದ. ಏರು ರಸ್ತೆ, ಭಾರದ ಬೈಕು. ಒಂದೊಂದು ಹೆಜ್ಜೆಗೂ ಏದುಸಿರು. ಬೂಟು ಜಾರಿತು. ಅವಳು ಹಿಂತಿರುಗಿ ನೋಡಿದಳು. ಗಂಡಸೊಬ್ಬ ನೆಟ್ಟಗಿರುವ ಬೈಕನ್ನು ಬೆಟ್ಟಕ್ಕೆ ತಳ್ಳಿಕೊಂಡು ಬರುತ್ತಿರುವುದನ್ನು ನೋಡಿ ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು, ನಗುವೂ ಬಂದಿರಬೇಕು. ಬೈದುಕೊಳ್ಳುತ್ತಲೇ ವಾಪಸ್ಸು ಬಂದು, ಸೀಟಿನ ಹಿಂದೆ ಎರಡೂ ಕೈ ಕೊಟ್ಟು ನೂಕಿದಳು. ಬೈಕು ಅಲುಗಿತು, ಮತ್ತೆ ಹಿಂದಕ್ಕೆ ಸರಿಯಿತು.

"ಬಲ ಹಾಕಿ!" ಎಂದು ಕೂಗಿದಳು. "ಬಲ ಹಾಕಿ, ಬಲ!"

ಅವನು ಹ್ಯಾಂಡಲ್ಲನ್ನು ಬಲಕ್ಕೆ ಎಳೆದ.

ಮುಂದಿನ ಚಕ್ರ ರಸ್ತೆಯ ನಟ್ಟನಡುವಿಗೆ ಹೋಯಿತು. ಬಂಡೆಯ ಆಚೆಯಿಂದ ಇಳಿಯುತ್ತಿದ್ದ ಕಾರೊಂದು ಜೋರಾಗಿ ಹಾರ್ನ್ ಬಾರಿಸುತ್ತಾ, ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಕೆಳಗೆ ಹೋಯಿತು. ಹಾರ್ನಿನ ಸದ್ದು ಎರಡು ತಿರುವು ಕೆಳಗಿನವರೆಗೂ ಕೇಳುತ್ತಿತ್ತು.

"ನಿಮಗೇನು ಹುಚ್ಚಾ? ಅಡ್ಡ ಯಾಕೆ ತಿರುಗಿಸಿದ್ರಿ?"

"ಏನಂದೆ ನೀನು ಈಗ?"

"ಬಲ ಹಾಕಿ ಅಂದೆ. ಜೋರಾಗಿ ತಳ್ಳಿ ಅಂತ..."

ಅವಳು ಬಲಕ್ಕೆ ಹೊರಳಿದ್ದ ಚಕ್ರವನ್ನು ನೋಡಿದಳು. ಹ್ಯಾಂಡಲ್ಲನ್ನು ಇನ್ನೂ ಬಿಗಿಹಿಡಿದೇ ಇದ್ದ ಅವನ ಕೈಗಳನ್ನು ನೋಡಿದಳು. ಇಡೀ ದಿನ ಕ್ಲಿನಿಕ್ಕಿನಲ್ಲಿ ಅವಳು ಆಡುವ ಮಾತು ಅದೇ. ಬಲ ಹಾಕಿ, ಇನ್ನೊಂಚೂರು ಬಲ ಹಾಕಿ. ಮುದುಕರಿಗೆ, ಮಕ್ಕಳಿಗೆ, ಎಲ್ಲರಿಗೂ. ಬಾಯಿಗೆ ಕೂತುಬಿಟ್ಟಿತ್ತು.

"ಅವತ್ತೂ ಇದೇನಾ ನಿಮಗೆ ಕೇಳಿಸಿದ್ದು?" ಎಂದಳು, ಸಣ್ಣ ದನಿಯಲ್ಲಿ. "ಬ್ರೇಕಿಗೆ ಹೇಳಿದ್ದು ರೀ ನಾನು. ಬ್ರೇಕಿಗೆ ಬಲ ಹಾಕಿ ಅಂತ."

ಬಲಗೈಗೂ ತಾಕತ್ತಿಗೂ ಒಂದೇ ಮಾತನ್ನು ಸಾಕು ಅಂತ ಇಟ್ಟುಹೋದ ಪುಣ್ಯಾತ್ಮ ಯಾರೋ ಏನೋ, ಅವನು ಇವರಿಬ್ಬರ ಕೈಗೆ ಆಗ ಸಿಗಬೇಕಿತ್ತು.

ಬೈಕನ್ನು ಅಂಚಿಗೆ ಒರಗಿಸಿ ಇಬ್ಬರೂ ಕಟ್ಟೆಯ ಮೇಲೆ ಕೂತರು. ಅವನಿಗೆ ಎದೆಯ ಮೇಲಿಂದ ಯಾರೋ ಇಳಿದು ಹೋದಂತೆ ಹಗುರವಾಯಿತು. ಎಷ್ಟು ಹಗುರವೆಂದರೆ, ಯೋಚಿಸದೆ ಮಾತಾಡಿಬಿಟ್ಟ. "ಹಾಗಾದ್ರೆ ತಪ್ಪು ಯಾರದ್ದೂ ಅಲ್ಲ."

"ಯಾರದ್ದೂ ಅಲ್ಲ," ಎಂದಳು ಅವಳು. "ಕಾಲು ಮಾತ್ರ ನಂದು."

ಅವನು ಅವಳ ಪಾದದ ಕಡೆ ನೋಡಿದ. ಅವಳು ಚಪ್ಪಲಿ ಕಳಚಿ ಕೀಲಿನ ಮೇಲೆ ಹೆಬ್ಬೆರಳು ಒತ್ತಿಕೊಂಡಿದ್ದಳು. ಹೊಲಿಗೆಯ ಗುರುತು ಇಷ್ಟುದ್ದ ಇತ್ತು. ಅದನ್ನು ಅವನು ಸರಿಯಾಗಿ ನೋಡಿದ್ದು ಅದೇ ಮೊದಲು. ಔಷಧಿ ತಂದುಕೊಟ್ಟಿದ್ದ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ, ಬಸ್ಸಿಗೆ ಹತ್ತಿಸಿದ್ದ. ನೋವಿದೆಯಾ ಅಂತ ಮಾತ್ರ ಒಂದು ದಿನವೂ ಕೇಳಿರಲಿಲ್ಲ. ಕೇಳಿದರೆ ತಪ್ಪು ಒಪ್ಪಿಕೊಂಡ ಹಾಗೆ ಆಗುತ್ತದೆ ಎಂಬ ಭಯ.

"ನೋವಿದೆಯಾ?"

"ಈಗ ಕೇಳ್ತೀರಾ?"

"ಈಗ ಕೇಳ್ತಿದೀನಿ."

"ಇದೆ. ಬೆಳಗ್ಗೆ ಎದ್ದು ಮೊದಲು ಕಾಲಿಡ್ತೀನಲ್ಲ, ಆಗ ಜಾಸ್ತಿ."

ಅವನು ತಲೆಯಾಡಿಸಿದ. ಅವನ ಕಾಲು ಕುಣಿಯುವುದು ನಿಂತಿತ್ತು, ಅದು ಅವನಿಗೆ ಗೊತ್ತಾಗಲಿಲ್ಲ, ಅವಳಿಗೆ ಗೊತ್ತಾಯಿತು.

ಸ್ವಲ್ಪ ಹೊತ್ತಿನ ಮೇಲೆ ಅವನೇ ಎದ್ದು, ಉಳಿದರ್ಧ ತಿರುವನ್ನೂ ತಳ್ಳಿಕೊಂಡೇ ದಾಟಿಸಿದ. ಅವಳು ಹಿಂದೆ ನೂಕಿದಳು, ಈ ಸಲ ಬಾಯಿ ಮುಚ್ಚಿಕೊಂಡು. ಆಚೆ ಕಡೆ ಬೈಕು ಹತ್ತಿದರು. ಮುಂದೊಂದು ಎಡ ತಿರುವು, ಅದರಾಚೆಗೆ, ಮೇಲೆ, ಇನ್ನೊಂದು ಬಲದ್ದು ಕಾಣುತ್ತಿತ್ತು. ವಿಷಯ ಗೊತ್ತಾದ ಮಾತ್ರಕ್ಕೆ ಕೈ ಸಡಿಲವಾಗುತ್ತದೆಯೇ? ಅವನ ಕೈ ಇನ್ನೂ ಹಾಗೇ ಇತ್ತು.

"ಸುಮ್ನೆ ಕೂರಬೇಡ ಕಣೇ," ಎಂದ. "ಏನಾದ್ರೂ ಮಾತಾಡ್ತಿರು. ನೀನು ಸುಮ್ನಿದ್ರೆ ನನಗೆ ಭಯ ಆಗುತ್ತೆ."

"ಎಡ ಬಲ ಅಂತೆಲ್ಲ ನಾನು ಹೇಳಲ್ಲಪ್ಪ."

"ಅದು ಬೇಡ. ಬೇರೆ ಏನಾದ್ರೂ."

"ಬೇರೆ ಏನಿದೆ? ಬೈಯೋದು ಬೇಕಾದಷ್ಟಿದೆ."

"ಬೈ."

ಬೈಕು ಹೊರಟಿತು. ಅವಳು ಮೊದಲಿಗೆ ಪಂಕ್ಚರ್ ಅಂತ ಸುಳ್ಳು ಹೇಳಿದ್ದಕ್ಕೆ ಬೈದಳು. ಆಮೇಲೆ ತಮ್ಮನ ಮೇಲೆ ಹರಿಹಾಯ್ದಿದ್ದಕ್ಕೆ. ಎಡದ ತಿರುವು ಮುಗಿಯುವಷ್ಟರಲ್ಲಿ ದನಿ ಬದಲಾಗಿತ್ತು. ಗಾಳಿಯನ್ನು ಮೀರಿಸಲು ಅವನ ಹೆಲ್ಮೆಟ್ಟಿನ ಹತ್ತಿರಕ್ಕೆ ಬಾಗಿದ್ದಳು.

"ಆಪರೇಷನ್ ಆಗಿ ಕಣ್ಣು ಬಿಟ್ಟಾಗ ಪಕ್ಕದಲ್ಲಿ ಯಾರೂ ಇರಲಿಲ್ಲ. ನರ್ಸ್ ಕೇಳಿದ್ರು, ನಿಮ್ಮವರು ಎಲ್ಲಿ ಅಂತ. ಎಲ್ಲಿ ಹೋಗಿದ್ರಿ ಹೇಳಿ? ಬೈಕ್ ನೋಡೋಕೆ! ಹೌದೋ ಅಲ್ವೋ?"

ಬಲದ ತಿರುವು ಬಂದಿತ್ತು. ಬಂಡೆ ರಸ್ತೆಯನ್ನು ನುಂಗಿಕೊಂಡಿತ್ತು.

"ಹೂಂ," ಎಂದ.

"ಕೇಳಿಸಲ್ಲ. ಜೋರಾಗಿ ಹೇಳಿ!"

"ಹೌದು, ಬೈಕ್ ನೋಡೋಕೆ ಹೋಗಿದ್ದೆ!" ಎಂದು ಕಿರುಚಿದ. ಬೈಕು ಬಲಕ್ಕೆ ವಾಲಿತು. ತೀರ ನಿಧಾನವಾಗಿ, ಸೈಕಲ್ ಕಲಿಯುವವರ ಹಾಗೆ ಓಲಾಡುತ್ತಾ, ಬಂಡೆಯನ್ನು ಬಳಸಿಕೊಂಡು ಮೇಲೇರಿತು. ಅವಳು ಇನ್ನೂ ಬೈಯುತ್ತಲೇ ಇದ್ದಳು.