ಕೈಮೇಲಿನ ಕರವಸ್ತ್ರ

"ಆ ಚೀಲದಲ್ಲೇನಿದೆ, ತೆಗಿ ನೋಡೋಣ," ಎಂದು ಓಡಿಲ್ ಚರ್ಚಿನ ಮೆಟ್ಟಿಲ ಮೇಲೆಯೇ ಬ್ಯಾಂಡಿನ ಹುಡುಗ ಡೆಲ್ಮಾರನ ಚೀಲಕ್ಕೆ ಕೈಹಾಕಿದಳು. ಚರ್ಚಿನೊಳಗೆ ಅವಳಪ್ಪ ಆಲ್ಸೀಡನ ಶವಪೆಟ್ಟಿಗೆಗೆ ಇನ್ನೂ ಹೂವು ಜೋಡಿಸುತ್ತಿದ್ದರು.

"ತುತ್ತೂರಿ ಅಕ್ಕ, ಇನ್ನೇನಿರತ್ತೆ?"

"ನಮ್ಮಪ್ಪನ ಗ್ರಾಮಫೋನ್ ಪ್ಲೇಟು."

ತುತ್ತೂರಿ, ಒಂದು ಎಣ್ಣೆ ಸೀಸೆ, ಅಷ್ಟೇ ಇದ್ದದ್ದು. ಆದರೂ ಅವಳ ಅನುಮಾನ ಇಳಿಯಲಿಲ್ಲ. ವರ್ಷವಿಡೀ ಗುರುವಾರ ಗುರುವಾರ ಬಂದು, ಕದ ಹಾಕಿಕೊಂಡು ಮುದುಕನ ಜೊತೆ ಕೂತವನು ಇವನೊಬ್ಬನೇ. ಬೀರುವಿನಲ್ಲಿದ್ದ ಪ್ಲೇಟು ಮಾಯವಾಗಿದ್ದೂ ಆಗಲೇ.

"ಹೆಣದ ಮುಂದೆ ಜಗಳ ಬೇಡವೇ," ಎಂದು ಸೋದರತ್ತೆ ಯೂಲಾ ತೋಳು ಹಿಡಿದೆಳೆದಳು.

"ನಿಂಗೊತ್ತಿಲ್ಲ, ಸುಮ್ನಿರು ಅತ್ತೆ. ಇವ್ನು ಎಲ್ಲರ ಕಣ್ಣಿಗೂ ಮಣ್ಣೆರಚಿದಾನೆ."

"ಥೇಟ್ ನಿಮ್ಮಪ್ಪನೇ ನೀನು. ಅವನೂ ಸ್ವಂತ ನೆರಳನ್ನೇ ನಂಬ್ತಿರಲಿಲ್ಲ."

*

ಅನುಮಾನ ಪಡುವುದರಲ್ಲಿ ಆಲ್ಸೀಡನನ್ನು ಮೀರಿಸುವವರು ನ್ಯೂ ಆರ್ಲಿಯನ್ಸಿನಲ್ಲೇ ಇರಲಿಲ್ಲ. ಹಗಲೆಲ್ಲ ಹಡಗುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ. ಸಂಜೆ ತುತ್ತೂರಿ ಹಿಡಿದರೆ, ಗುಂಡಿ ಒತ್ತುವ ಬೆರಳಾಟ ಯಾರೂ ಕದಿಯಬಾರದೆಂದು ಕೈಮೇಲೆ ಕರವಸ್ತ್ರ ಹೊದಿಸಿಕೊಂಡೇ ಊದುತ್ತಿದ್ದ. ಪ್ರಾಯದಲ್ಲಿ ಒಂದೇ ಒಂದು ಪ್ಲೇಟಿಗೆ ಊದಿ, ಬದುಕಿಡೀ ಹಲುಬಿದ. ಈಗಿನ ಹುಡುಗರು ರೇಡಿಯೊದಲ್ಲಿ ಆ ಪ್ಲೇಟಿನ ವರಸೆ ನುಡಿಸಿದರೆ, "ಕಳ್ಳನನ್ಮಕ್ಳು! ನನ್ನ ಏದುಸಿರನ್ನೂ ಬಿಟ್ಟಿಲ್ಲ," ಎಂದು ಬೈದು, ಬೈಯುತ್ತಲೇ ನಗುತ್ತಿದ್ದ.

"ಏದುಸಿರೇನಪ್ಪಾ?" ಎಂದು ಚಿಕ್ಕ ಓಡಿಲ್ ಒಮ್ಮೆ ಕೇಳಿದ್ದಳು.

"ಪ್ಲೇಟು ಮಾಡೋವಾಗ ನನ್ನ ಊದು ಜೋರು ಅಂತ ಬಾಗಿಲ ಹತ್ರ ನಿಲ್ಸಿದ್ರು ಕಣೇ. ನನ್ನ ಸರದಿ ಬಂದಾಗ ಧ್ವನಿ ಹಿಡಿಯೋ ಕೊಳವೆ ತನಕ ಓಡ್ಬೇಕಿತ್ತು. ಓಡಿದ್ದಕ್ಕೆ ನಡುವೆ ಉಸಿರು ಕಟ್ತು. ಈ ಪೆದ್ದರು ಪ್ಲೇಟು ಕೇಳಿ, ಅದೇ ದೊಡ್ಡ ಶೈಲಿ ಅಂದ್ಕೊಂಡು ಅಲ್ಲೇ ನಿಲ್ತಾರೆ!"

ಅಡುಗೆಮನೆಯಲ್ಲಿ ಬೀನ್ಸ್ ಬೇಯುವಾಗ ಅವಳೊಬ್ಬಳಿಗೆ ಮಾತ್ರ ಆ ವರಸೆಯನ್ನು ತುಂಡಾಗದಂತೆ ನುಡಿಸಿ ಕೇಳಿಸುತ್ತಿದ್ದ. ಆಗಲೂ ಕಿಟಕಿ ಮುಚ್ಚಿರುತ್ತಿತ್ತು, ಕೈಮೇಲೆ ಕರವಸ್ತ್ರ ಇರುತ್ತಿತ್ತು.

*

ಗೋರಿಯ ಬಾಗಿಲು ಮುಚ್ಚಿದರು. ಬ್ಯಾಂಡಿನವರು ಡೋಲಿನ ಮೇಲೆ ಹೊದಿಸಿದ್ದ ಬಟ್ಟೆ ತೆಗೆದರು; ಹೆಣ ಇಟ್ಟಮೇಲೆ ಕುಣಿಯುತ್ತ ಮರಳುವುದು ಅಲ್ಲಿಯ ಪದ್ಧತಿ, ಆಲ್ಸೀಡನ ವರಸೆಯನ್ನೇ ಎತ್ತಿಕೊಂಡರು. ಓಡಿಲ್ ಡೆಲ್ಮಾರನ ಬೆನ್ನು ಬಿಡಲಿಲ್ಲ. ನೋಡಿದರೆ ಅವನ ಕೈಮೇಲೂ ಕರವಸ್ತ್ರ! ಅಪ್ಪನದೇ, ಅಂಚಿನ ನೀಲಿ ಹೊಲಿಗೆ ಅವಳೇ ಹಾಕಿದ್ದು. ಇದನ್ನೂ ಹೊಡೆದುಕೊಂಡಿದ್ದಾನೆ ಎಂದು ಮೈಯೆಲ್ಲ ಉರಿಯಿತು. ಉಸಿರು ಕಟ್ಟುವ ಜಾಗ ಬರಲಿ, ಪ್ಲೇಟು ಕದ್ದು ಕೇಳಿ ಕಲಿತವನು ಅಲ್ಲೇ ನಿಂತು ಸಿಕ್ಕಿಬೀಳುತ್ತಾನೆ.

ಆ ಜಾಗ ಬಂತು. ಅಕ್ಕಪಕ್ಕದ ತುತ್ತೂರಿಯವರು ರೂಢಿಯಂತೆ ಗಕ್ಕನೆ ನಿಂತರು. ಡೆಲ್ಮಾರ್ ನಿಲ್ಲಲಿಲ್ಲ. ಅಡುಗೆಮನೆಯಲ್ಲಿ ಕೇಳಿದಂತೆಯೇ ವರಸೆ ಇಡಿಯಾಗಿ ಹರಿಯಿತು.

ಓಡಿಲ್ ಅವನಿಗೆ ಅಡ್ಡ ಬಂದು ನಿಂತಳು. "ಪ್ಲೇಟೆಲ್ಲೋ?"

ಅವನು ತುತ್ತೂರಿ ಇಳಿಸಿದ. "ಅವರೇ ಮೊಣಕಾಲಿಗೆ ಬಡಿದು ಮುರಿದ್ರು ಅಕ್ಕ. 'ಅದನ್ನ ಕೇಳ್ಬೇಡ, ಕೆಡ್ತೀಯ. ನನ್ನ ಬೆರಳು ನೋಡು' ಅಂತ ಕರವಸ್ತ್ರ ತೆಗೆದು ನಂಗೇ ಕೊಟ್ರು."

"ಅಪ್ಪ ಬೆರಳು ತೋರಿಸಿದ್ನಾ?" ಅವಳಿಗೆ ಹೊಟ್ಟೆಕಿಚ್ಚಾಯಿತು, ಅಳುವೂ ಬಂತು. "ನಂಗೇ ಒಂದು ದಿನ ತೋರಿಸ್ಲಿಲ್ಲ."

ಡೆಲ್ಮಾರ್ ಕರವಸ್ತ್ರ ತೆಗೆದು ಅವಳ ಕೈಗಿತ್ತು, ಮತ್ತೆ ತುತ್ತೂರಿ ಎತ್ತಿದ. ಅಕ್ಕಪಕ್ಕದ ತುತ್ತೂರಿಯವರು ಅವನ ಬೆರಳು ನೋಡಲು ಕತ್ತು ಚಾಚಿದರು. ಓಡಿಲ್ ಕರವಸ್ತ್ರವನ್ನು ತಲೆಯ ಮೇಲೆ ಬೀಸುತ್ತ ಕುಣಿಯುವವರೊಳಗೆ ಸೇರಿದಳು. ಅವಳ ಕಣ್ಣೆದುರು, ನಡುಬೀದಿಯ ಬಿಸಿಲಿನಲ್ಲಿ, ತುತ್ತೂರಿಯ ಗುಂಡಿಗಳ ಮೇಲೆ ಬರಿಯ ಬೆರಳುಗಳು ಆಡುತ್ತಿದ್ದವು.